ಕತ್ತಲಕೋಣೆಯ ಮೋಸ

“ಎಡಕ್ಕ... ಇನ್ನಾ ಸ್ವಲ್ಪ ಎಡಕ್ಕ. ಹಾಂ, ಈಗ ಬಿಗಿ!” ಎಂದು ಫಕೀರಪ್ಪ ಕೂಗಿದರು.

ಒಬ್ಬ ಭುಜ ಹಿಡಿದ, ಇನ್ನೊಬ್ಬ ಬಿಳಿ ವಸ್ತ್ರದ ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿದ. ಫಕೀರಪ್ಪನವರ ತಮ್ಮ ಸಿದ್ದಾರೂಢ ಹಣೆಯ ತುಂಬ ವಿಭೂತಿ, ಕೊರಳ ತುಂಬ ಹೂವು ಹೊತ್ತು ಗೋಡೆಗೆ ಒರಗಿ ಕೂತರು. ಆ ಮನೆತನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂರಿಸಿ ಪೂಜೆ ಮಾಡಿ, ಕೂರಿಸಿಯೇ ಮಣ್ಣು ಕೊಡುತ್ತಾರೆ. ಮರಾಠಿ ಸೀಮೆಯ ಶಿವಾಜಿನಗರದ ಆಚೆಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಮೂವತ್ತೊಂದು ವರ್ಷ ಸೂಕ್ಷ್ಮದರ್ಶಕದ ಮುಂದೆ ಕೂತೇ ಕಳೆದ ತಂತ್ರಜ್ಞನಿಗೆ ಅದೇನು ಹೊಸ ಆಸನವಲ್ಲ. ಒಂದೇ ತೊಂದರೆ: ತಲೆ ಮತ್ತೆ ಮತ್ತೆ ಬಲಕ್ಕೆ ವಾಲುತ್ತಿತ್ತು.

“ಇದ್ದಾಗೂ ಹೇಳಿದ್ದು ಕೇಳಲಿಲ್ಲ,” ಎಂದು ಫಕೀರಪ್ಪ ತಮ್ಮನ ಪೇಟ ಸರಿಮಾಡಿದರು. “ಈಗರ ಕೇಳ್ತಾನಂತ ಮಾಡಿದ್ದೆ.”

ಖಡಕಿಯ ಆ ಎರಡು ಕೋಣೆಯ ಮನೆಯಲ್ಲಿ ಅಳುವಿಗಿಂತ ನಿಟ್ಟುಸಿರೇ ಹೆಚ್ಚು ಕೇಳುತ್ತಿತ್ತು. ಎಂಟು ತಿಂಗಳ ಶ್ವಾಸಕೋಶದ ರೋಗ. ಕೊನೆಯ ಎರಡು ತಿಂಗಳಂತೂ ಒಂದೊಂದು ಉಸಿರಿಗೂ ಹೋರಾಟ. ಹೆಂಡತಿ ಸಾವಂತ್ರವ್ವ ಬಂದವರಿಗೆಲ್ಲ ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು: “ಬಿಡುಗಡಿ ಆತ್ರಿ. ಅವರಿಗೂ ಆತು, ನನಗೂ ಆತು. ಚಹಾ ಕುಡೀರಿ.”

ಬಿಡುಗಡೆ ಸಿಗದವರು ಅಲ್ಲಿ ಒಬ್ಬರೇ ಇದ್ದರು. ಸಿದ್ದಾರೂಢ ಕೆಲಸ ಮಾಡುತ್ತಿದ್ದ ಪ್ರಯೋಗಾಲಯದ ಮುಖ್ಯಸ್ಥೆ, ಮೈಸೂರಿನ ಡಾಕ್ಟರ್ ಮಂಜರಿ. ಶಿಷ್ಯೆ ನೀತಾಳ ಜೊತೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದವರು, ವಿಭೂತಿ ಹಚ್ಚಿ ಕೈಮುಗಿದು, ಸತ್ತವರ ಮುಖವನ್ನೇ ದಿಟ್ಟಿಸಿದರು. ಅರ್ಧಕ್ಕೆ ಬಿಟ್ಟ ಮಾತನ್ನು ಈಗಲಾದರೂ ಮುಗಿಸಬಾರದೇ ಎಂಬಂತಿತ್ತು ಆ ನೋಟ.

*

ಮೊನ್ನೆ ಸಂಜೆ ಆಸ್ಪತ್ರೆಯಲ್ಲಿ ಸಿದ್ದಾರೂಢ ಬಾಯಿಗೆ ಹಾಕಿದ್ದ ಮಾಸ್ಕನ್ನು ಸರಿಸಿ, ಮೊದಲು ದೊಡ್ಡ ಡಾಕ್ಟರ ಮೂಗಿನ ದನಿಯಲ್ಲಿ “ಕಾಯ್ ಆಜೋಬಾ, ಕಸಂ ವಾಟತಂಯ್?”, ಹೇಗನಿಸ್ತಿದೆ ಅಜ್ಜಾ ಎಂದು ಮರಾಠಿಯಲ್ಲಿ ತಮ್ಮನ್ನೇ ತಾವು ವಿಚಾರಿಸಿಕೊಂಡಿದ್ದರು. ಪಕ್ಕದ ಮಂಚದ ರೋಗಿ ಗಾಬರಿಯಿಂದ ಎದ್ದು ಕೂತಿದ್ದ. ಆಮೇಲೆ ಮಂಜರಿಯವರನ್ನು ಹತ್ತಿರ ಕರೆದಿದ್ದರು.

“ಮೇಡಂ, ಕತ್ತಲಕೋಣ್ಯಾಗ ನಿಮಗೊಂದು ಮೋಸ ಮಾಡೀನ್ರಿ. ನೀವು ಬಂದ ವರ್ಷ. ನೀವದನ್ನ ನಂಬಿ ಪೇಪರಿನ್ಯಾಗೂ ಛಾಪಿಸಿಬಿಟ್ರಿ. ಮುಂದ ಹೇಳಾಕ ನನಗ ಧೈರ್ಯ ಸಾಲಲಿಲ್ಲ.”

“ಯಾವ ಮೋಸ? ಏನು ಮಾಡಿದ್ರಿ?”

ಸಿದ್ದಾರೂಢ ಹೇಳಲು ಬಾಯಿ ತೆರೆದರು. ನಗು ಬಂತು. ನಗು ಕೆಮ್ಮಾಯಿತು, ಕೆಮ್ಮಿಗೆ ನರ್ಸ್ ಓಡಿ ಬಂದಳು, ಮಂಜರಿಯವರನ್ನು ಹೊರಗೆ ಕಳಿಸಿದಳು. ಇವತ್ತು ಬೆಳಿಗ್ಗೆ ಫೋನು ಬಂತು.

ಹತ್ತೊಂಬತ್ತು ವರ್ಷದ ಹಿಂದಿನ ಆ ಸಂಶೋಧನಾ ಪೇಪರಿನ ಮೇಲೆ ಮಂಜರಿಯವರ ನೌಕರಿ ನಿಂತಿತ್ತು. ಅದರ ಮೇಲೆ ನೀತಾಳ ನಾಲ್ಕು ವರ್ಷದ ಪ್ರಬಂಧ ನಿಂತಿತ್ತು; ಬರುವ ಸೋಮವಾರ ಅವಳ ಮೌಖಿಕ ಪರೀಕ್ಷೆ. ಅಂಕಿಗಳೇ ಸುಳ್ಳಾಗಿದ್ದರೆ ಪೇಪರನ್ನು ಹಿಂತೆಗೆದುಕೊಳ್ಳುವ ಪತ್ರವನ್ನು ಇವತ್ತೇ ಕಳಿಸಬೇಕು. ರಿಕ್ಷಾದಲ್ಲಿ ಬರುವಾಗಲೇ ಅವರು ಅದನ್ನು ಫೋನಿನಲ್ಲಿ ಬರೆದಿಟ್ಟಿದ್ದರು. ನೀತಾಳಿಗೆ ಇನ್ನೂ ಹೇಳಿರಲಿಲ್ಲ.

*

ಅಂಗಳದಲ್ಲಿ ಪ್ರಯೋಗಾಲಯದ ಕಿರಿಯ ತಂತ್ರಜ್ಞ ಅಮರ ನಾಲ್ಕು ಜನರನ್ನು ಕೂಡಿಸಿಕೊಂಡು ಸಿದ್ದಾರೂಢರ ಪ್ರತಾಪ ಹೇಳುತ್ತಿದ್ದ. ಸಂಸ್ಥೆಯ ನಿರ್ದೇಶಕರ ದನಿಯಲ್ಲಿ ಫೋನು ಮಾಡಿ ಇಡೀ ಲೆಕ್ಕಪತ್ರ ವಿಭಾಗವನ್ನು ಯೋಗಾಸನಕ್ಕೆ ಹುಲ್ಲುಹಾಸಿನ ಮೇಲೆ ಇಳಿಸಿದ್ದು. ಕೊನೆಗೆ ಖುದ್ದು ನಿರ್ದೇಶಕರೂ ಬಂದು, ಯಾರು ಕರೆದರೆಂದು ಕೇಳದೆ ಶವಾಸನ ಹಾಕಿದ್ದು.

“ಅಮರ,” ಎಂದು ಮಂಜರಿ ಅವನನ್ನು ಬದಿಗೆ ಕರೆದರು. “ನಿಜ ಹೇಳು. ಜೀವಕೋಶಕ್ಕೆ ಹಾಕೋ ಬಣ್ಣದ ವಿಷಯದಲ್ಲಿ ಯಾವತ್ತಾದ್ರೂ ಆಟ ಆಡಿದ್ರಾ? ಕೊನೇ ಮದ್ದಿನ ಹನಿ ಹಾಕೋದ್ರಲ್ಲಿ?”

“ಸಿದ್ದಣ್ಣ?” ಅಮರ ಕಿವಿ ಮುಟ್ಟಿಕೊಂಡ. “ಛೇ ಛೇ. ನಕಲು ಮನುಷ್ಯಾರ್ದು ಮಾಡಬೇಕು, ಅಂಕಿದಲ್ಲ ಅಂತಿದ್ರು. ಒಮ್ಮೆ ನಾ ಅರ್ಧ ಹನಿ ಕಡಿಮಿ ಹಾಕಿದ್ದಕ್ಕ ನಿಮ್ಮ ದನಿಯೊಳಗ ಬೈದ್ರು. ನೀವ ಬಂದ್ರಿ ಅಂತ ನಾ ಎದ್ದು ನಿಂತಿದ್ದೆ.”

ಮಂಜರಿಯವರಿಗೆ ಸಮಾಧಾನವಾಗಲಿಲ್ಲ. ಅಮರ ಕೆಲಸಕ್ಕೆ ಸೇರಿದ್ದು ಆರು ವರ್ಷದ ಹಿಂದೆ. ಆ ಮೋಸ ನಡೆದಾಗ ಅವನು ಶಾಲೆಯಲ್ಲಿದ್ದ.

*

ಸೂಕ್ಷ್ಮದರ್ಶಕವಿದ್ದ ಕತ್ತಲಕೋಣೆಗೆ ಮಂಜರಿ ಮೊದಲು ಹೋದಾಗ ಪಾಠ ಹೇಳಿದವರು ಸಿದ್ದಾರೂಢರೇ. ಗಾಜಿನ ತಟ್ಟೆಯಲ್ಲಿ ಇಲಿಯ ಹೃದಯದ ಜೀವಕೋಶಗಳು ತಮ್ಮಷ್ಟಕ್ಕೆ ಮಿಡಿಯುತ್ತಿದ್ದವು. ಪ್ರತಿ ಮಿಡಿತಕ್ಕೂ ಒಳಗಿನ ಕ್ಯಾಲ್ಸಿಯಂ ಏರಿ ಇಳಿಯುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ಕಾಣಿಸಲಿಕ್ಕೆ ಈ ಬಣ್ಣ.

“ಬಣ್ಣ ಅಂದ್ರ ಮನಿಅಳಿಯ ಇದ್ದಂಗ್ರಿ ಮೇಡಂ. ಬರೋವಾಗ ಕೋಟು ಹಾಕ್ಕೊಂಡು ಠೀವೀಲೇ ಒಳಗ ಬರ್ತಾನ. ಒಳಗಿನವರು ಕೋಟು ಕತ್ತರಿಸಿ ಇಟ್ಕೊಂತಾರ. ಆಮ್ಯಾಲ ಹೊರಗ ಹೋಗಾಕ ಬರಂಗಿಲ್ಲ. ಕ್ಯಾಲ್ಸಿಯಂ ಕೈ ಹಿಡೀತಂದ್ರ ಮಾರಿ ಅರಳತೈತಿ.”

ನಿಜವಾಗಿಯೂ ನೀಲಿ ಬೆಳಕು ಬಿದ್ದೊಡನೆ ಜೀವಕೋಶಗಳು ಹಸಿರಾಗಿ ಮಿನುಗಿದವು. ಪರದೆಯ ಮೇಲೆ ಗೆರೆ ಏರಿತು, ಇಳಿಯಿತು. ಕೊನೆಯಲ್ಲಿ ಸಿದ್ದಾರೂಢ ಒಂದು ಹನಿ ಮದ್ದು ಹಾಕುತ್ತಿದ್ದರು. ಅದು ಜೀವಕೋಶದ ಬಾಗಿಲನ್ನೆಲ್ಲ ತೆರೆದುಬಿಡುವ ಮದ್ದು. ಹೊರಗಿನ ಕ್ಯಾಲ್ಸಿಯಂ ಒಳಗೆ ನುಗ್ಗಿ ಬಣ್ಣ ತನ್ನ ಕೈಲಾದಷ್ಟೂ ಬೆಳಗುತ್ತಿತ್ತು. ಆ ತುಂಬು ಬೆಳಕಿಗೆ ಹೋಲಿಸಿಯೇ ಉಳಿದೆಲ್ಲ ಅಳತೆ. ಆ ಹನಿ ತಪ್ಪಿದರೆ ಎಲ್ಲ ಅಂಕಿಯೂ ತಪ್ಪು.

ಆ ದಿನಗಳಲ್ಲೇ ಮಂಜರಿ ಒಂದು ವಿಚಿತ್ರ ಕಂಡರು. ಅಭ್ಯಾಸದ ತಟ್ಟೆಯೊಂದರ ಮುಂದೆ ಕೂತು ಗುನುಗುತ್ತಿದ್ದಾಗ ಗೆರೆ ತಟ್ಟನೆ ಜಿಗಿಯಿತು. ಸುಮ್ಮನಾದರೆ ಗೆರೆಯೂ ಸುಮ್ಮನಾಯಿತು. ಮತ್ತೆ ಗುನುಗಿದರು, ಮತ್ತೆ ಜಿಗಿಯಿತು.

“ಹೃದಯದ ಕೋಶ ಅಲ್ಲೇನ್ರಿ,” ಎಂದು ಕತ್ತಲಲ್ಲಿ ಸಿದ್ದಾರೂಢರ ದನಿ ಬಂತು. “ದನಿಗೆ ಬೆಚ್ಚತಾವೇನೋ.”

ಮಂಜರಿ ಆ ತಟ್ಟೆಯನ್ನು ಎಸೆದರು. ಮಾರನೆಯ ವಾರದಿಂದ ಲೆಕ್ಕಕ್ಕೆ ತೆಗೆದುಕೊಂಡ ಪ್ರಯೋಗಗಳನ್ನೆಲ್ಲ ಉಸಿರು ಬಿಗಿಹಿಡಿದು ಮಾಡಿದರು. ಗೆರೆಗಳು ತೊಳೆದಿಟ್ಟಂತೆ ಬಂದವು. ಮೌನವೇ ಪ್ರಯೋಗಾಲಯದ ಕಾನೂನಾಯಿತು.

*

ಒಳಗೆ ಖಡಕಿಯ ಭಜನಾ ಮೇಳದವರು ಹಾರ್ಮೋನಿಯಂ ಬಿಚ್ಚಿದರು, ಡಪ್ಪು ಬಿಸಿಮಾಡಿಕೊಂಡರು. ಇನ್ನು ಅರ್ಧ ಗಂಟೆಗೆ ಹೆಣ ಎತ್ತುವವರಿದ್ದರು. ಮಂಜರಿ ಸಾವಂತ್ರವ್ವನ ಪಕ್ಕ ಕೂತರು. ನೀತಾ, ಅಮರ ಹಿಂದೆ ನಿಂತರು.

“ಅಮ್ಮಾ, ಈ ಹೊತ್ತಲ್ಲಿ ಕೇಳಬಾರದು. ಆದ್ರೆ ಕೇಳದೆ ಹೋದ್ರೆ ನನಗೆ ನಿದ್ದೆ ಬರಲ್ಲ. ನಾನು ಬಂದ ವರ್ಷ ನನಗೊಂದು ಮೋಸ ಮಾಡಿದೆ ಅಂದ್ರು. ಏನದು ಅಂತ ನಿಮಗೇನಾದ್ರೂ ಗೊತ್ತಾ?”

ಸಾವಂತ್ರವ್ವ ಅವರ ಮುಖ ನೋಡಿದರು. “ಅಯ್ಯ, ಹೇಳೇಬಿಟ್ರಾ ಹಂಗಾದ್ರ?”

“ಪೂರ್ತಿ ಹೇಳಲಿಲ್ಲ. ಬಣ್ಣ ಬದಲಾಯಿಸಿದ್ರಾ? ಕೊನೇ ಹನಿನಾ? ಏನೇ ಇರಲಿ, ಹೇಳಿಬಿಡಿ. ಈ ಹುಡುಗಿ ಬಾಳೂ ಅದರ ಮೇಲಿದೆ.”

“ನಂದಾ?” ಎಂದಳು ನೀತಾ.

“ಬಣ್ಣಾ ಅಲ್ಲ, ಹನೀನೂ ಅಲ್ರಿ. ಅದನ್ನ ಕೆಡಿಸಿದ್ರ ಕೈ ಕಡ್ಕೊಂತಿದ್ರು.” ಸಾವಂತ್ರವ್ವ ಸೆರಗನ್ನು ಬಾಯಿಗೆ ಹಿಡಿದರು, ಮತ್ತೆ ತೆಗೆದರು. “ನೀವು ಆವಾಗ ಹಾಡ್ತಿದ್ರಂತಲ್ರಿ ಮೇಡಂ?”

“ಹೌದು... ಗುನುಗ್ತಿದ್ದೆ.”

“ಗುನುಗೋದಲ್ರಿ. ದಿನಾ ಆರು ತಾಸು. ಒಂದ ಹಾಡು, ಅದೂ ಅರ್ಧ. ಮನಿಗೆ ಬಂದು ಊಟಕ್ಕ ಕೂತ್ರ ಹಿಂಗ ಮಾಡಿ ತೋರಿಸ್ತಿದ್ರು.” ಸಾವಂತ್ರವ್ವ ಕತ್ತು ಕೊಂಕಿಸಿ, ಕಣ್ಣು ಅರೆಮುಚ್ಚಿ, ಮೂಗಿನೊಳಗೆ ‘ಊಂ... ಊಂಹೂಂ... ಊಂ’ ಎಂದು ಎಳೆದರು. ಅದು ಗಂಡ ಮಾಡುತ್ತಿದ್ದ ಮಂಜರಿ. ಹೆಂಡತಿಗೆ ಹತ್ತೊಂಬತ್ತು ವರ್ಷದಲ್ಲಿ ಬಾಯಿಪಾಠವಾಗಿತ್ತು. ಅಮರ ಥಟ್ಟನೆ ಗೋಡೆಯ ಕಡೆ ತಿರುಗಿದ. “ಸಾಹೇಬರಿಗೆ ಬಾಯಿ ಮುಚ್ಚರಿ ಅಂತ ಹೆಂಗ ಹೇಳೋದು?” ಎಂದರು ಸಾವಂತ್ರವ್ವ. “ನೀವು ಹಾಡಿದಾಗೊಮ್ಮೆ ಕತ್ತಲಾಗ ಮೊಣಕಾಲಿಲೆ ಮೇಜಿಗೆ ಟಕ್ಕಂತ ಕೊಟ್ರಂತ. ಗೆರಿ ಹಾರಿತಂತ. ನೀವು ನಂಬಿದ್ರಿ.”

ಮಂಜರಿ ಮನಸ್ಸಿನಲ್ಲಿ ಒಂದೊಂದೇ ತಟ್ಟೆಯನ್ನು ಎಣಿಸುತ್ತಾ ಹೋದರು. ಗೆರೆ ಜಿಗಿದದ್ದು ಎಸೆದ ತಟ್ಟೆಯಲ್ಲಿ. ಲೆಕ್ಕಕ್ಕೆ ತೆಗೆದುಕೊಂಡ ತಟ್ಟೆಗಳಲ್ಲಿ ಯಾರೂ ಹಾಡಿರಲಿಲ್ಲ. ಹಾಡಿರದಿದ್ದ ಮೇಲೆ ಯಾರೂ ಮೇಜು ಒದ್ದಿರಲೂ ಇಲ್ಲ. ಬಣ್ಣ ನಿಜ. ಹನಿ ನಿಜ. ಅಂಕಿಗಳೆಲ್ಲ ನಿಜ. ಇಡೀ ಪೇಪರಿನಲ್ಲಿ ಮೋಸದಿಂದ ಹುಟ್ಟಿದ್ದು ಒಂದೇ ಒಂದು ಸಾಲು. ಅವರೇ ಹೆಮ್ಮೆಯಿಂದ ಸೇರಿಸಿದ್ದ ಸಾಲು: ‘ದಾಖಲೆಯ ಅವಧಿಯಲ್ಲಿ ಕೋಣೆಯಲ್ಲಿ ಸಂಪೂರ್ಣ ಮೌನವನ್ನು ಪಾಲಿಸಲಾಯಿತು.’

“ಮೇಡಂ,” ಎಂದು ನೀತಾ ಮುಂದೆ ಬಗ್ಗಿದಳು. “ನಾಲ್ಕು ವರ್ಷ! ಸೀನು ಬಂದ್ರೆ ಮೂಗು ಹಿಡ್ಕೊಂಡು ಕಾರಿಡಾರಿಗೆ ಓಡಿ ಹೋಗ್ತಿದ್ದೆ. ಸಿದ್ದಣ್ಣನೇ ಬಾಗಿಲು ತೆಗೀತಿದ್ರು!”

“ನಿಂದೇನವ್ವ,” ಎಂದ ಅಮರ ಗೋಡೆಯ ಕಡೆಯಿಂದಲೇ. “ಜರ್ಮನಿಯ ಪ್ರಯೋಗಾಲಯದವರು ಕಾಗದ ಬರದಿದ್ರಲ್ಲ, ನಾವೂ ನಿಮ್ಮ ಪದ್ಧತಿನ ಪಾಲಿಸ್ತೀವಿ ಅಂತ. ಪಾಪ, ಅವರು ಹನ್ನೆರಡು ವರ್ಷದಿಂದ ಮೂಕರಾಗಿ ಕೂತಾರ.”

ಮಂಜರಿಯವರ ಗಂಟಲಿನಿಂದ ಬಿಕ್ಕಿನಂಥ ಸದ್ದೊಂದು ಹೊರಟಿತು. ಬಾಗಿಲ ಬಳಿಯ ಹೆಂಗಸರು ಪಾಪ ಎಂದು ತಲೆಯಾಡಿಸಿದರು. ಮೊದಲು ನಕ್ಕವಳು ನೀತಾ, ಓಢಣಿಯಲ್ಲಿ ಮುಖ ಮುಚ್ಚಿಕೊಂಡು. ಆಮೇಲೆ ಅಮರ. ಸಾವಂತ್ರವ್ವ ಸೆರಗು ಕಚ್ಚಿ ತಡೆಯಲು ನೋಡಿ, ಆಗದೆ ಬಿಟ್ಟುಕೊಟ್ಟರು. ಅವರೆಲ್ಲರ ದನಿಯನ್ನೂ ಮುಳುಗಿಸುವಂತೆ ಮಂಜರಿ ನಕ್ಕರು. ತಲೆ ಹಿಂದಕ್ಕೆ ಚೆಲ್ಲಿ, ನೆಲಕ್ಕೆ ಅಂಗೈ ಬಡಿದು, ವಿಭೂತಿಯ ಕೈಯಲ್ಲೇ ಕಣ್ಣೊರೆಸಿಕೊಂಡು ಕೆನ್ನೆಯೆಲ್ಲ ಬೆಳ್ಳಗೆ ಮಾಡಿಕೊಂಡು ನಕ್ಕರು. ಅಂಗಳದಲ್ಲಿದ್ದವರು ಕಿಟಕಿಗೆ ಮುಖ ಒತ್ತಿ ನೋಡಿದರು. ಫಕೀರಪ್ಪನವರ ಕೈಯ ಊದುಬತ್ತಿ ಕೈಯಲ್ಲೇ ಉಳಿಯಿತು.

ಭಜನೆ ಹಾಡುತ್ತಿದ್ದವನು ನಡುಸಾಲಿನಲ್ಲೇ ಹಾಡು ನಿಲ್ಲಿಸಿದ. ಹಾರ್ಮೋನಿಯಂನ ಗಾಳಿ ಮುಗಿಯಿತು. ಡಪ್ಪಿನವನೊಬ್ಬ ಮಾತ್ರ, ನಿಲ್ಲಿಸಬೇಕೋ ಬೇಡವೋ ತಿಳಿಯದೆ, ಆ ಹೆಂಗಸಿನ ನಗುವಿಗೇ ತಾಳ ಹಿಡಿದು ಬಾರಿಸುತ್ತಾ ಹೋದ.