ಬಸವಲಿಂಗಮ್ಮ ಡಾಕ್ಟರಿಗೆ ಹೇಳದ ಮಾತು

ನಮ್ಮ ಸೀಮೆಯಲ್ಲಿ ಯಾರನ್ನೂ ಬರಿಹೊಟ್ಟೆಯಲ್ಲಿ ಕಳಿಸುವ ರೂಢಿಯಿಲ್ಲ. ಹೊಲಕ್ಕೆ ಹೋಗುವವನಿಗೂ, ಅಮಲ್ದಾರರ ಕಚೇರಿಗೆ ಹೋಗುವವನಿಗೂ ಒಂದು ತುತ್ತು ತಿನ್ನಿಸಿಯೇ ಕಳಿಸುತ್ತೇವೆ. ಒಳ್ಳೆಯ ರೂಢಿಯೇ. ಆದರೆ ಅದೇ ರೂಢಿ ಕುದೂರಿನ ಚನ್ನಲಿಂಗಪ್ಪನ ಜೀವಕ್ಕೆ ಮುಳುವಾಗುವುದರಲ್ಲಿತ್ತು.

ಚನ್ನಲಿಂಗಪ್ಪನಿಗೆ ಇಪ್ಪತ್ತಾರು ವರ್ಷ. ಮೂತ್ರಕೋಶದಲ್ಲಿ ಕಲ್ಲು ಬೆಳೆದು, ಉಚ್ಚೆ ಹೊಯ್ಯುವಾಗಲೆಲ್ಲ ನೋವಿಗೆ ಗೋಡೆ ಹಿಡಿದು ನಿಲ್ಲುತ್ತಿದ್ದ. ಕಷಾಯ, ಲೇಪ, ಹರಕೆ ಎಲ್ಲ ಮುಗಿದ ಮೇಲೆ ತಾಯಿ ಬಸವಲಿಂಗಮ್ಮ, ಹೆಂಡತಿ ಉಮಾಮಹೇಶ್ವರಿ ಅವನನ್ನು ಗಾಡಿಯಲ್ಲಿ ಕ್ಲೋಸ್‌ಪೇಟೆಯ ಆಸ್ಪತ್ರೆಗೆ ಕರೆತಂದರು. ಕ್ಲೋರೋಫಾರಂ ಮೂಸಿಸಿ, ನಿದ್ದೆ ಬರಿಸಿ ಕಲ್ಲು ತೆಗೆಯಬೇಕು ಎಂದರು ಡಾಕ್ಟರು. ಹೀಗೆ ಮಾಡಿಸಿಕೊಂಡವರಲ್ಲಿ ಹೆಚ್ಚಿನವರು ಗುಣವಾಗಿದ್ದಾರೆ, ಎಲ್ಲರೂ ಅಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಒಪ್ಪಿಗೆಯನ್ನು ತಾಯಿಯಿಂದಲ್ಲ, ಚನ್ನಲಿಂಗಪ್ಪನಿಂದಲೇ ಕೇಳಿದರು. ಅವನು ಆಗಲಿ ಎಂದ. ಮಾರನೆಯ ಬೆಳಿಗ್ಗೆ ಏನೂ ತಿನ್ನಬಾರದೆಂದು ಎರಡೆರಡು ಸಲ ಹೇಳಿದರು.

ಬೆಳಿಗ್ಗೆ ಆಸ್ಪತ್ರೆಯ ಕೋಣೆಯಲ್ಲೇ ಮಗ ಲಿಂಗಪೂಜೆ ಮುಗಿಸಿದ್ದೇ ತಡ, ಬಸವಲಿಂಗಮ್ಮ ಒಂದು ಬಟ್ಟಲು ಬಾಳೆಹಣ್ಣಿನ ರಸಾಯನ ತಿನ್ನಿಸಿಬಿಟ್ಟರು. ಪ್ರಸಾದ ಊಟದ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ಅವರ ವಾದ. ಡಾಕ್ಟರು ಬಂದು ಕೇಳಿದಾಗ ಅವರೇ ಮುಂದೆ ನಿಂತು, ಹುಡುಗ ತೊಟ್ಟು ನೀರೂ ಮುಟ್ಟಿಲ್ಲ ಎಂದರು. ಚನ್ನಲಿಂಗಪ್ಪ ಅಮ್ಮನ ಮಾತಿಗೆ ಎದುರಾಡದೆ ಸುಮ್ಮನಿದ್ದ.

ಉಮಾಮಹೇಶ್ವರಿ ಬಾಗಿಲ ಹಿಂದೆ ನಿಂತಿದ್ದಳು. ಆ ಮನೆಯಲ್ಲಿ ಅತ್ತೆಯ ಎದುರು ಸೊಸೆ ದನಿ ಎತ್ತಿದ್ದೇ ಇಲ್ಲ. ಮಾತಾಡಿದರೆ ಅತ್ತೆಯ ಮಾನ, ಸುಮ್ಮನಿದ್ದರೆ ಗಂಡನ ಪ್ರಾಣ. ಅವಳು ಒಳಗೆ ಬಂದಳು.

“ತಿಂದವ್ರೆ ಡಾಕ್ಟ್ರೆ. ಒಂದು ಬಟ್ಟಲು ರಸಾಯನ. ನಾನೇ ನೋಡ್ದೆ.”

ಡಾಕ್ಟರು ಯಾರನ್ನೂ ಬೈಯಲಿಲ್ಲ. ಕೆಲಸವನ್ನು ಮಾರನೆಯ ದಿನಕ್ಕೆ ಹಾಕಿದರು. ಬೈಗುಳದ ಪಾಲನ್ನೆಲ್ಲ ಬಸವಲಿಂಗಮ್ಮನವರೇ ಸೊಸೆಗೆ ಬಡಿಸಿದರು. ಮನೆಮುರುಕಿ ಎಂದೂ ಅಂದರು. ಆಮೇಲೆ ಜಗಲಿಗೆ ಹೋಗಿ ಮುಖ ಊದಿಸಿಕೊಂಡು ಕೂತರು. ಆಸ್ಪತ್ರೆಯ ಆಯಾ ರೋಶನ್ ಬೀ, ಚನ್ನಪಟ್ಟಣದವಳು, ಪಕ್ಕದಲ್ಲಿ ಬಂದು ಕೂತಳು.

“ಒಸಿ ರಸಾಯನ ತಿಂದ್ರೆ ಏನಾಗೋಯ್ತದೆ?” ಎಂದರು ಬಸವಲಿಂಗಮ್ಮ.

“ಆ ಮದ್ದಿನ ನಿದ್ದೇಲಿ ಮನುಷ್ಯಂಗೆ ಕೆಮ್ಮೋಕೂ ಗ್ಯಾನ ಇರಾಕಿಲ್ಲಮ್ಮ. ಹೊಟ್ಟೇಲಿರೋದು ಬಾಯಿಗೆ ಬತ್ತದೆ, ಉಸಿರಿನ ದಾರೀಗೆ ಇಳೀತದೆ. ಹೋದ ವರ್ಸ ಒಬ್ಬ ಗಟ್ಟಿ ಆಳು ಹಂಗೇ ಸತ್ತೋದ. ಅವನ ತಾಯೂ ತಿನ್ಸಿಲ್ಲ ಅಂದಿದ್ಲು. ಅವನ ಬಾಯಿ ಒರೆಸ್ದೋಳು ನಾನೇ.”

ಬಸವಲಿಂಗಮ್ಮನ ಸಿಟ್ಟು ಇಳಿಯಿತು, ಭಯ ಹತ್ತಿತು. ಇನ್ನೇನೇನು ಹೇಳಬೇಕು ಎಂದು ಮೆಲ್ಲಗೆ ಕೇಳಿದರು. ಮೂರ್ಛೆ, ಉಬ್ಬಸ, ಎದೆನೋವು, ಹೆಂಡ, ಅಫೀಮು, ತೆಗೆದುಕೊಂಡ ನಾಟಿ ಮದ್ದು, ಎಲ್ಲವನ್ನೂ ಹೇಳಬೇಕು, ಡಾಕ್ಟರು ಅದನ್ನು ಊರಿಗೆ ಸಾರುವುದಿಲ್ಲ ಎಂದಳು ರೋಶನ್ ಬೀ.

ಮರುದಿನ ಬಸವಲಿಂಗಮ್ಮ ತಾವೇ ಮಗನಿಗೆ ಕಾವಲು ಕೂತರು. ಅವನು ನೀರು ಕೇಳಿದರೂ ಕೊಡಲಿಲ್ಲ. ಡಾಕ್ಟರು ಬಂದಾಗ, ಏನೂ ತಿಂದಿಲ್ಲ, ಆದರೆ ಹೇಳುವುದು ಇನ್ನೊಂದಿದೆ ಎಂದು ಸೊಸೆಯ ಕಡೆ ನೋಡಿದರು. ಹೆಂಡತಿಯನ್ನು ಹೊರಗೆ ಕಳಿಸಲೇ ಎಂದು ಡಾಕ್ಟರು ಚನ್ನಲಿಂಗಪ್ಪನನ್ನು ಕೇಳಿದರು. ತಾಯಿ ಏನು ಹೇಳಲಿದ್ದಾರೆಂದು ಅವನಿಗೆ ಗೊತ್ತಿತ್ತು.

“ಬ್ಯಾಡಿ. ಅವಳೂ ಕೇಳ್ಲಿ.”

“ಮದ್ವೆಗೆ ಮುಂಚೆ ಇವನು ಎರಡು ಸಲ ನಿಂತಂಗೇ ಗ್ಯಾನ ತಪ್ಪಿ ಬಿದ್ದಿದ್ದ,” ಎಂದರು ಬಸವಲಿಂಗಮ್ಮ. “ಗೊತ್ತಾದ್ರೆ ಹೆಣ್ಣು ಕೊಡಾಕಿಲ್ಲ ಅಂತ ಮುಚ್ಚಿಟ್ಟೊ.”

ಡಾಕ್ಟರು ಮತ್ತೆ ಬಹಳ ಹೊತ್ತು ಎದೆಬಡಿತ ಕೇಳಿದರು. ಇಂಥವರ ಎದೆಗೆ ಕ್ಲೋರೋಫಾರಂ ಅಪಾಯವೆಂದು ಅದನ್ನು ಬಿಟ್ಟು, ನಿದ್ದೆ ಬರಿಸುವ ಈಥರ್ ಎಂಬ ಬೇರೆ ಮದ್ದು ತರಿಸಿದರು. ನಾಡಿ ಹಿಡಿದು ನಿಲ್ಲುವುದಕ್ಕೆಂದೇ ಒಬ್ಬರನ್ನು ನೇಮಿಸಿದರು. ಕಲ್ಲು ತೆಗೆಯುವ ನಡುವೆ ಒಮ್ಮೆ ನಾಡಿ ಕುಸಿಯಿತು. ನಾಡಿ ಹಿಡಿದಿದ್ದವರು ಕೂಡಲೇ ಕೂಗಿದರು, ಮದ್ದು ನಿಲ್ಲಿಸಿದರು, ನಾಡಿ ಮತ್ತೆ ಏರಿತು. ನೆಲ್ಲಿಕಾಯಿಯಷ್ಟು ದಪ್ಪದ ಕಲ್ಲು ಹೊರಗೆ ಬಂತು.

ಮಗ ಕಣ್ಣು ಬಿಟ್ಟ ಮೇಲೆ ಬಸವಲಿಂಗಮ್ಮ ಸೊಸೆಯ ಕೈ ಹಿಡಿದುಕೊಂಡರು. ಉಮಾಮಹೇಶ್ವರಿ ಕೈ ಬಿಡಿಸಿಕೊಳ್ಳಲಿಲ್ಲ, ಸುಳ್ಳೂ ಹೇಳಲಿಲ್ಲ.

“ನಮ್ಮಪ್ಪಂಗೆ ಹೇಳ್ನಿಲ್ವಲ್ಲ ಅಂತ ಸಿಟ್ಟೈತೆ ಅತ್ತೆಮ್ಮ. ಅದು ಹೋಗಾಕೆ ದಿನ ಬೇಕು. ಆದ್ರೆ ಇವತ್ತು ನೀವು ಹೇಳಿದ್ಕೇ ಇವರು ಉಳ್ಕೊಂಡ್ರು.”

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುವ ಜನ ನಾವು. ಆಸ್ಪತ್ರೆಯಲ್ಲಿ ಮಾತ್ರ ಒಂದು ಸುಳ್ಳೂ ಬೇಡ. ತಿನ್ನಬೇಡಿ ಎಂದರೆ ಪ್ರಸಾದವನ್ನೂ ತಿನ್ನಿಸಬೇಡಿ. ತಿನ್ನಿಸಿದ್ದರೆ ಹೇಳಿಬಿಡಿ. ಮನೆಯಲ್ಲಿ ಯಾರಿಗೆ ಯಾವ ಕಾಯಿಲೆ ಇತ್ತೆಂದು ಇವತ್ತೇ ಹಿರಿಯರನ್ನು ಕೇಳಿ ತಿಳಿದುಕೊಳ್ಳಿ, ಡಾಕ್ಟರು ಕೇಳದಿದ್ದರೂ ನೀವೇ ಹೇಳಿ. ನಾಚಿಕೆ ಎರಡು ದಿನ ಇದ್ದು ಹೋಗುತ್ತದೆ. ಹೋದ ಜೀವ ತಿರುಗಿ ಬರುವುದಿಲ್ಲ.