ಒಲಿ ಮುಂದ ರೇಂಜ್ ಬರಬೇಕು

ಪಾರವ್ವ ರೊಟ್ಟಿ ಬಡಿಯುವುದು ಹಿಂದಿನ ಅಡುಗೆಮನೆಯಲ್ಲಿ, ಆಕೆಯ ಮೊಬೈಲಿಗೆ ಜೀವ ಬರುವುದು ಮುಂದಿನ ಕೋಣೆಯ ಕಿಟಕಿಯಲ್ಲಿ. ಎರಡರ ನಡುವೆ ಹದಿನಾಲ್ಕು ಹೆಜ್ಜೆ. ಕಿಟಕಿಯ ಸರಳಿಗೆ ಒಂದು ಬಟ್ಟೆಯ ಚೀಲ ಕಟ್ಟಿ ಅದರೊಳಗೆ ಫೋನು ಇಳಿಬಿಟ್ಟಿದ್ದಳು. ರಿಂಗ್ ಆಯಿತೆಂದರೆ ಹಿಟ್ಟಿನ ಕೈಯಲ್ಲೇ ಓಡಬೇಕು, ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಸೀಯಬೇಕು. ಇಷ್ಟಾದರೂ ಹೇಗೋ ನಡೆದಿತ್ತು. ಆದರೆ ಎದುರಿಗೆ ಹೊಸ ಬಿಲ್ಡಿಂಗ್ ಎದ್ದು, ಅದಕ್ಕೆ ನಾಲ್ಕನೇ ಸ್ಲ್ಯಾಬ್ ಹಾಕಿದ ಮೇಲೆ ಕಿಟಕಿಯಲ್ಲೂ ರೇಂಜ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಬೈಲಹೊಂಗಲದಿಂದ ಪುಣೆ ಹತ್ತಿರದ ತಳೇಗಾಂವಕ್ಕೆ ಬಂದು ಹನ್ನೊಂದು ವರ್ಷವಾಗಿತ್ತು. ಗಂಡ ಶಿವಪುತ್ರಪ್ಪ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕ್ಲಾರ್ಕು, ಮಗಳು ಶಿವಾನಿ ಕಾಲೇಜಿಗೆ. ಪಾರವ್ವನದು ರೊಟ್ಟಿಯ ಕೆಲಸ. ಬಿಳಿಜೋಳದ್ದು, ಸಜ್ಜಿದು, ಖಡಕ್ ರೊಟ್ಟಿ, ಎಲ್ಲವೂ ಫೋನಿನಲ್ಲಿ ಹೇಳಿದವರಿಗೆ ಮಾತ್ರ. ಯಾರ ಮೇಲೂ ಆಕೆಗೆ ಸಿಟ್ಟಿರಲಿಲ್ಲ, ಹಾಗೆಂದು ಯಾರ ಮೇಲೂ ಪೂರಾ ನಂಬಿಕೆಯೂ ಇರಲಿಲ್ಲ. ಜೋಳದ ಅಂಗಡಿಗೆ ಹೋದರೆ ಚೀಲದ ಬಾಯಲ್ಲಿರುವ ಕಾಳು ಮುಟ್ಟುತ್ತಿರಲಿಲ್ಲ. ಮೊಣಕೈತನಕ ಕೈ ಇಳಿಸಿ, ತಳದಿಂದ ತೆಗೆದ ಕಾಳನ್ನೇ ಹಲ್ಲಲ್ಲಿ ಕಡಿದು ನೋಡುವವಳು.

ಹೀಗಾಗಿ ಗಿರಾಕಿಗಳು "ಫೋನ್ ಹತ್ತಲೇ ಇಲ್ರಿ" ಎಂದಾಗ ಮೊದಮೊದಲು ಆಕೆ ಸಂಶಯಪಟ್ಟಿದ್ದು ಗಿರಾಕಿಗಳನ್ನೇ. "ಬ್ಯಾರೆ ಕಡೆ ತಗೊಂಡಾರ. ಹೇಳಾಕ ಮುಖ ಇಲ್ಲ, ಫೋನ್ ಮ್ಯಾಲ ಹಾಕ್ತಾರ."

ಒಂದು ಮಂಗಳವಾರ ಕಿಟಕಿಯಲ್ಲಿ ಹೇಗೋ ರಿಂಗ್ ಆಯಿತು. ಆ ಕಡೆ ಮಧ್ವೇಶ ಎಂಬವನು, ಬೆಂಗಳೂರಿನ ಕಡೆಯ ಕನ್ನಡ.

"ಅಮ್ಮಾ, ಹಿಂಜವಾಡಿಯಲ್ಲಿ ನಮ್ಮದು ಕ್ಯಾಂಟೀನ್. ನಿಮ್ಮ ರೊಟ್ಟಿ ಒಬ್ಬರು ತಂದುಕೊಟ್ಟಿದ್ರು, ಸೂಪರಾಗಿತ್ತು. ಒಂದನೇ ತಾರೀಖಿಂದ ದಿನಾ ಇನ್ನೂರು ಬೇಕು. ಆಗುತ್ತಾ?"

ದಿನಕ್ಕೆ ಇನ್ನೂರು! ಇನ್ನಿಬ್ಬರು ಹೆಣ್ಣುಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳಬಹುದು. "ಆಗ್ತದ್ರೀ, ಯಾಕಾಗೂದಿಲ್ಲ."

"ಆದ್ರೆ ಫೋನಲ್ಲಿ ಸಿಗಬೇಕಮ್ಮ. ಎರಡು ದಿನದಿಂದ ಟ್ರೈ ಮಾಡ್ತಿದೀನಿ, ಬರೀ ನಾಟ್ ರೀಚಬಲ್. ಶನಿವಾರ ಹತ್ತರಿಂದ ಹನ್ನೆರಡರೊಳಗೆ ಮಾಡ್ತೀನಿ, ಫೈನಲ್ ಮಾಡಿಬಿಡೋಣ. ಆಗಲೂ ಸಿಗದಿದ್ರೆ ಸಾರಿ, ಬೇರೆಯವರಿಗೆ ಹೇಳ್ಬಿಡ್ತೀನಿ."

ಪಾರವ್ವ ಬಾಯಿ ತೆರೆಯುವಷ್ಟರಲ್ಲಿ ಕಟ್ಟಾಯಿತು. ಅವನೇ ಇಟ್ಟನೋ ರೇಂಜ್ ಹೋಯಿತೋ ಗೊತ್ತಾಗಲಿಲ್ಲ.

"ಅವ್ವಾ, ಕಂಪನಿ ಬದಲಿ ಮಾಡೂನು," ಎಂದಳು ಶಿವಾನಿ. "ನಂಬರ್ ಹೋಗತದ, ಹೋಗ್ಲಿ. ಮಂದಿಗೆಲ್ಲಾ ಹೊಸಾ ನಂಬರ್ ಹೇಳಿದ್ರಾತು."

ಆಗಿನ್ನೂ ಎರಡು ಸಾವಿರದ ಆರನೇ ಇಸವಿ. ಕಂಪನಿ ಬದಲಿಸಿದರೆ ನಂಬರೂ ಬದಲು.

ಬುಧವಾರ ಸ್ಟೇಷನ್ ಹತ್ತಿರದ ದೊಡ್ಡ ಅಂಗಡಿಗೆ ಹೋದಳು. ಅಲ್ಲಿದ್ದವ ಆಕೆಯ ಮಾತು ಮುಗಿಯುವ ಮೊದಲೇ ಸಿಮ್ ಕಾರ್ಡ್ ತೆಗೆದು ಮುಂದಿಟ್ಟ. "ಕಾಕೂ, ಲೋಣಾವಳಾದಿಂದ ಬಾರಾಮತಿತನಕ ಫುಲ್ ರೇಂಜ್!"

"ನಾ ಬಾರಾಮತ್ಯಾಗ ರೊಟ್ಟಿ ಬಡ್ಯೂದಿಲ್ಲಪಾ. ನಮ್ಮ ಒಲಿ ಮುಂದ ಬರತದೇನು?"

"ಎಲ್ಲಾ ಕಡೆ ಬರತದ."

ಎಲ್ಲಾ ಕಡೆ ಎಂದವನಿಗೆ ನಮ್ಮ ಮನೆಯ ಗಲ್ಲಿ ಯಾವುದೆಂದು ಕೇಳುವ ಪುರಸೊತ್ತೂ ಇಲ್ಲವಲ್ಲ ಎಂದುಕೊಂಡು ಪಾರವ್ವ ಇಳಿದು ಬಂದಳು. ಕಾಲನಿಯ ತಿರುವಿನಲ್ಲಿ ಮಧುಕರನ ಸಣ್ಣ ಅಂಗಡಿ. ಅವನು ಅದೇ ಪ್ರಶ್ನೆಗೆ ತಲೆ ಕೆರೆದುಕೊಂಡು, "ಗೊತ್ತಿಲ್ಲ ಕಾಕೂ. ಯಾವ ಬಿಲ್ಡಿಂಗ್ ನಿಮ್ಮದು?" ಎಂದು ಮರಾಠಿಯಲ್ಲಿ ಕೇಳಿದ. ಮಾರಲು ಕೂತವನು ಗೊತ್ತಿಲ್ಲ ಎನ್ನುವುದೆಂದರೇನು? ಪಾರವ್ವನಿಗೆ ಅನುಮಾನ ಇನ್ನೂ ಹೆಚ್ಚಾಯಿತು.

"ಹಂಗಾರ ಮನಿಗೆ ಬಂದು ತೋರಿಸ್ರಿ. ಆಮ್ಯಾಲ ತಗೋತೇನು," ಎಂದಳು, ಬರಲಿಕ್ಕಿಲ್ಲವೆಂದು ಲೆಕ್ಕ ಹಾಕಿ.

ಅವನು ಬಂದೇಬಿಟ್ಟ! ಮೂರು ಕಂಪನಿಯ ಮೂರು ಫೋನು ಹಿಡಿದು, ಚಪ್ಪಲಿ ಹೊರಗೆ ಬಿಟ್ಟು, ಮುಂದಿನ ಕೋಣೆಯಲ್ಲಿ ನಿಂತ, ನಡುಮನೆಯಲ್ಲಿ ನಿಂತ, ಕಡೆಗೆ ಒಲೆಯ ಪಕ್ಕ ಕುಕ್ಕರಗಾಲಲ್ಲಿ ಕೂತ. ಒಂದು ಸತ್ತಿತ್ತು. ಒಂದರಲ್ಲಿ ರೇಂಜಿನ ಒಂದೇ ಕಡ್ಡಿ, ಅದೂ ಹೋಗಿ ಬಂದು ಮಾಡುತ್ತಿತ್ತು. ಮೂರನೆಯದರಲ್ಲಿ ಮೂರು ಕಡ್ಡಿ ಗಟ್ಟಿಯಾಗಿ ನಿಂತಿದ್ದವು. ಆ ಫೋನಿನಿಂದ ಶಿವಾನಿ ತನ್ನ ಗೆಳತಿಗೆ ಮಾಡಿ ಮಾತಾಡಿ ನೋಡಿದಳು. ದನಿ ಸ್ವಚ್ಛ.

"ಇದು ಫೋನ್ ಭಾರಿದಿರಬೇಕು," ಎಂದಳು ಪಾರವ್ವ. ಮಧುಕರ ನಗುತ್ತ ಆ ಸಿಮ್ ತೆಗೆದು ಆಕೆಯ ಹಳೆಯ ಫೋನಿಗೇ ಹಾಕಿದ. ಅಲ್ಲೂ ಮೂರು ಕಡ್ಡಿ. ಅಷ್ಟರಲ್ಲಿ ಅವನ ಕಣ್ಣು ಬುಟ್ಟಿಯಲ್ಲಿದ್ದ ರೊಟ್ಟಿಯ ಮೇಲೆ ಬಿತ್ತು.

"ದಿನಾ ಎಷ್ಟಾಗತಾವ ಕಾಕೂ? ನಮ್ಮ ನರ್ಮದಾ ವಹಿನೀದೂ ಪೋಳಿ-ಭಾಜಿ ಕೇಂದ್ರ ಅದ, ನನ್ನ ಅಂಗಡಿ ಬಾಜೂಕ."

ಪಾರವ್ವನ ಕೈ ನಿಂತಿತು. ಓಹೋ. ಅಣ್ಣನ ಹೆಂಡತಿ ಪೋಳಿ, ಅಂದರೆ ಚಪಾತಿ, ಮಾರುವವಳು. ಅವಳ ಮೈದುನ ಮನೆಯೊಳಗೆ ಬಂದು, ಒಲೆಯ ಪಕ್ಕ ಕೂತು, ಎಷ್ಟಾಗುತ್ತವೆ ಎಂದು ಕೇಳುವವನು. "ಏನ್ ಮಹಾ ಆಗತಾವ, ಮನಿ ಮಟ್ಟಿಗೆ," ಎಂದು ಬುಟ್ಟಿಗೆ ಬಟ್ಟೆ ಎಳೆದಳು.

ಅವನು ಹೋಗುವಾಗ ಹೇಳಿದ ಮಾತು ಇನ್ನೂ ಕೆಟ್ಟದಾಗಿತ್ತು. ಹಳೆಯ ಸಿಮ್ಮಿನಲ್ಲಿರುವ ನಂಬರುಗಳನ್ನೆಲ್ಲ ತನ್ನ ಕಂಪ್ಯೂಟರಿಗೆ ಇಳಿಸಿ, ಅಲ್ಲಿಂದ ಹೊಸ ಸಿಮ್ಮಿಗೆ ಏರಿಸಿಕೊಡುತ್ತಾನಂತೆ.

"ಬೇಕಂದ್ರ ನೀವ ಬರಕೋರ್ರಿ, ಆದರ ಎಷ್ಟ ನಂಬರ್ ಅದಾವು?"

ನೂರಾ ಹದಿನಾಲ್ಕು. ಬರೆದು, ಮತ್ತೆ ಒಂದೊಂದೇ ಅಂಕಿ ಒತ್ತುತ್ತ ಕೂರಲು ಶಿವಾನಿಗೆ ಪುರಸೊತ್ತಿಲ್ಲ, ಪರೀಕ್ಷೆ. ಶಿವಪುತ್ರಪ್ಪನಿಗೆ ಆ ಗುಂಡಿ ಒತ್ತುವ ಕೆಲಸವೇ ಬಾರದು. ಆ ನೂರಾ ಹದಿನಾಲ್ಕು ಮಂದಿಯೇ ಪಾರವ್ವನ ಹನ್ನೊಂದು ವರ್ಷದ ಸಂಪಾದನೆ. ಅವರ ನಂಬರು ನರ್ಮದೆಯ ಕೈಗೆ ಹೋದರೆ ಮುಗಿಯಿತು.

ಗುರುವಾರ ಮಧ್ಯಾಹ್ನ ಊಟವಾದ ಮೇಲೆ ಮಗಳನ್ನು ಕೂರಿಸಿಕೊಂಡಳು. "ಹೆಸರೆಲ್ಲಾ ಬದ್ಲಿ ಮಾಡು. ಗಿರಾಕಿ ಅಂತ ಗೊತ್ತಾಗಬಾರದು. ಬೀಗರು ಬಿಜ್ಜರು ಮಾಡಿಬಿಡು."

"ಏನಂತ ಹಾಕಲಿ?"

"ಕಾಕಾ ಒಂದು, ಕಾಕಾ ಎರಡು ಅಂತ ಹಾಕ್ಕೋತ ಹೋಗು. ಹೆಂಗಸರಿದ್ರ ಅತ್ತಿ."

ಶಿವಾನಿ ನಕ್ಕು ನಕ್ಕು ಸುಸ್ತಾದಳು. "ಅವ್ವಾ, ಐವತ್ತೊಂದು ಮಂದಿ ಕಾಕಾ ಆದ್ರು. ಅಜ್ಜಗ ಗೊತ್ತಾದ್ರ ಏನಂದಾನು!"

"ಲಗೂ ಮಾಡು, ಅಂಗಡಿ ಮುಚ್ಚತಾನ."

ಯಾವ ಕಾಕಾ ಯಾರು ಎಂದು ಅವ್ವನಿಗೆ ನೆನಪಿರುತ್ತದೆ ಎಂದುಕೊಂಡಳು ಮಗಳು. ಮಗಳು ಎಲ್ಲಾದರೂ ಬರೆದಿಟ್ಟಿರುತ್ತಾಳೆ ಎಂದುಕೊಂಡಳು ಅವ್ವ.

ಅಂಗಡಿಯಲ್ಲಿ ಪಾರವ್ವ ಸ್ಟೂಲ್ ಎಳೆದುಕೊಂಡು ಕಂಪ್ಯೂಟರಿನ ಎದುರಿಗೇ ಕೂತಳು. ರೇಷನ್ ಕಾರ್ಡಿನ ಝೆರಾಕ್ಸ್ ಕೊಡುವಾಗ ಅದರ ಮೇಲೆ ಅಡ್ಡಗೆರೆ ಎಳೆದು, "ಸಿಮ್ ಕಾರ್ಡಿಗೆ ಮಾತ್ರ" ಎಂದು ಬರೆದು ತಾರೀಖು ಹಾಕಿದಳು. ಪರದೆಯ ಮೇಲೆ ಹೆಸರುಗಳು ಸರಸರ ಇಳಿಯತೊಡಗಿದವು.

"ಅರೆ ಬಾಪ್ರೆ! ಕೇವಢಾ ಮೋಠಾ ಗೋತಾವಳಾ!" ಎಂದ. "ಇಷ್ಟು ದೊಡ್ಡ ಬಳಗ ಏನ್ರಿ ನಿಮ್ಮದು?"

"ಹೌದ್ರಿ. ನಮ್ಮ ಮಾವನವರು ಏಳು ಮಂದಿ ಅಣ್ತಮ್ಮರು," ಎಂದಳು ಪಾರವ್ವ, ಕಣ್ಣು ಪಿಳುಕಿಸದೆ.

ಬಾಜೂಕಿನಿಂದ ನರ್ಮದಾ ಚಹಾ ತಂದಳು. ನಲವತ್ತರ ಹೆಂಗಸು, ನಗುಮುಖ. ಪರದೆ ನೋಡಿ ಅವಳೂ ನಕ್ಕಳು. ಪಾರವ್ವ ಚಹಾ ಕುಡಿದಳು, ಆದರೆ ಕಣ್ಣು ಮಾತ್ರ ನರ್ಮದೆಯ ಮೇಲೇ ಇತ್ತು. ಚಹಾ ಚೊಲೋ ಇತ್ತು. ಸುಮ್ಮಸುಮ್ಮನೆ ಯಾರಾದರೂ ಇಷ್ಟು ಚೊಲೋ ಚಹಾ ಕೊಡುತ್ತಾರೆಯೇ?

ಶುಕ್ರವಾರ ಮಧ್ಯಾಹ್ನ ಹೊಸ ಸಿಮ್ ಚಾಲೂ ಆಯಿತು. ಒಲೆಯ ಪಕ್ಕ ಡಬ್ಬಿಯ ಮೇಲೆ ಫೋನಿಟ್ಟರೆ ಮೂರು ಕಡ್ಡಿ. ಪಾರವ್ವ ಮೊದಲ ನಂಬರು ಒತ್ತಿಸಿ ಕಿವಿಗಿಟ್ಟಳು. ಕಾಕಾ ಒಂದು. ಯಾರಿದು?

"ಬರದಿಟ್ಟಿಯಲ್ಲಾ?" ಎಂದಳು ಮಗಳಿಗೆ.

"ನಿನಗ ನೆನಪಿಲ್ಲೇನು?" ಎಂದಳು ಮಗಳು.

ಆ ಕಡೆಯ ದನಿ ಮರಾಠಿಯಲ್ಲಿ ಯಾರೆಂದು ಕೇಳಿತು, "ಹಲೋ, ಕೋಣ?" ಎಂದದ್ದೇ ತಡ, ಪಾರವ್ವನ ಮುಖ ಅರಳಿತು. "ಜೋಶಿ ಅವರೇನ್ರಿ? ವಾರಕ್ಕೆರಡು ಸಲ, ಹನ್ನೆರಡು ತೆಳ್ಳಂದು!" ಆಮೇಲೆ ಸಾಲಾಗಿ ಮಾಡುತ್ತ ಹೋದಳು. ಹೆಸರು ತಿಳಿಯದಿದ್ದರೂ ದನಿ ತಿಳಿಯುತ್ತಿತ್ತು. ಗಂಟಲು ಕೆರೆದುಕೊಂಡು ಮಾತು ಶುರು ಮಾಡುವವರು ಸಜ್ಜಿ ರೊಟ್ಟಿಯವರು. ಹಲೋ ಅನ್ನದೆ "ಹಾಂ ಬೋಲಾ" ಅನ್ನುವವರು ಧಾರವಾಡಕ್ಕೆ ಖಡಕ್ ರೊಟ್ಟಿ ಒಯ್ಯುವವರು. ಹಿಂದೆ ಕೂಸು ಅಳುತ್ತಿದ್ದರೆ ಮೂರನೇ ಗಲ್ಲಿಯ ತ್ರಿವೇಣಿ. ಸಂಜೆಯಾಗುವಷ್ಟರಲ್ಲಿ ನೂರಾ ಹದಿನಾಲ್ಕೂ ಮುಗಿದವು. ಯಾರೊಬ್ಬರೂ ತಪ್ಪಿಸಿಕೊಂಡಿರಲಿಲ್ಲ, ಒಬ್ಬನನ್ನು ಬಿಟ್ಟು.

ಮಧ್ವೇಶನ ದನಿ ಎಲ್ಲೂ ಬರಲಿಲ್ಲ.

"ಅಂವಂದು ಹಾಕಿದ್ದಿಲ್ಲೇನು?" ಎಂದಳು ಪಾರವ್ವ.

"ನೀ ಹೇಳೇ ಇಲ್ಲ ಅವ್ವಾ. ಅದು ಬರೇ ಬಂದ ಕಾಲ್‌ದಾಗ ಇತ್ತು." ಶಿವಾನಿ ಫೋನು ತಡಕಾಡಿದಳು. ಬಂದ ಕರೆಗಳ ಪಟ್ಟಿ ಖಾಲಿ. ಬೇರೆ ಸಿಮ್ ಹಾಕಿದ ಕೂಡಲೇ ಆ ಫೋನು ಹಳೆಯದನ್ನೆಲ್ಲ ಅಳಿಸಿಬಿಡುತ್ತಿತ್ತು.

ಪಾರವ್ವ ಚಪ್ಪಲಿ ಮೆಟ್ಟಿ ಸೀದಾ ಮಧುಕರನ ಅಂಗಡಿಗೆ ನಡೆದಳು. ಹಳೆಯ ಸಿಮ್ ಹಾಕಿದರೂ ಪಟ್ಟಿ ವಾಪಸ್ ಬರುವುದಿಲ್ಲ ಎಂದ. ಹಳೆಯ ನಂಬರಿಗೆ ಬಂದದ್ದನ್ನು ಹೊಸದಕ್ಕೆ ತಿರುಗಿಸೋಣವೆಂದರೆ ಆಕೆಯ ಪ್ರೀಪೇಡಿನಲ್ಲಿ ಆ ಸೌಲಭ್ಯವಿಲ್ಲ ಎಂದ. ಆಮೇಲೆ, "ಕಾಕೂ, ಹಳೇ ಸಿಮ್ ನನಗ ಕೊಡ್ರಿ. ಇಲ್ಲಿ ಆ ಕಂಪನೀದು ಫುಲ್ ರೇಂಜ್ ಅದ. ನನ್ನ ಇನ್ನೊಂದು ಹ್ಯಾಂಡ್‌ಸೆಟ್‌ನ್ಯಾಗ ಹಾಕಿ ಇಟ್ಕೋತೇನಿ. ಅವರು ಮಾಡಿದ ಕೂಡಲೆ ಹೊಸಾ ನಂಬರ್ ಹೇಳತೇನಿ," ಎಂದ.

ಪಾರವ್ವ ಅವನ ಮುಖ ನೋಡಿದಳು. ಗೋಡೆಯ ಆಚೆ ನರ್ಮದೆಯ ಲಟ್ಟಣಿಗೆ ಟಕಟಕ ಎನ್ನುತ್ತಿತ್ತು.

ತಾನೇ ಬಂದು ಇಲ್ಲಿ ಕೂರಬಹುದಿತ್ತು. ಆದರೆ ಶನಿವಾರವೇ ಎಲ್ಲ ದಿನಕ್ಕಿಂತ ಹೆಚ್ಚು ರೊಟ್ಟಿ, ಮಧ್ಯಾಹ್ನ ಒಂದರೊಳಗೆ ತೊಂಬತ್ತು ಆಗಬೇಕು. ಗಂಡನದು ಫಸ್ಟ್ ಶಿಫ್ಟ್. ಮಗಳದು ಹತ್ತು ಗಂಟೆಗೆ ಪೇಪರ್. ಮನೆಯ ಕಿಟಕಿಯನ್ನು ನಂಬುವುದೋ, ಇವನನ್ನು ನಂಬುವುದೋ? ಕಿಟಕಿ ಮೋಸ ಮಾಡುವುದಂತೂ ಖಾತ್ರಿಯಿತ್ತು. ಇವನದು ಇನ್ನೂ ಖಾತ್ರಿಯಾಗಿರಲಿಲ್ಲ, ಅಷ್ಟೇ. ಕುಪ್ಪಸದೊಳಗಿನ ಪರ್ಸಿನಿಂದ ಸಿಮ್ ತೆಗೆದು ಕೊಟ್ಟಳು. ಕೊಡುವಾಗ ಬೆರಳು ಒಂದು ಗಳಿಗೆ ಬಿಡಲಿಲ್ಲ.

"ನಂಬರ್ ಅಷ್ಟ ಹೇಳ್ರಿ ಭಾವು. ಹೆಚ್ಚಿಗಿ ಏನ್ ಬ್ಯಾಡ."

ಶನಿವಾರ ಹತ್ತಾಯಿತು, ಹತ್ತೂವರೆಯಾಯಿತು. ಒಲೆಯ ಪಕ್ಕದ ಡಬ್ಬಿಯ ಮೇಲೆ ಮೂರು ಕಡ್ಡಿ ತೋರಿಸುತ್ತ ಫೋನು ಸುಮ್ಮನೆ ಕೂತಿತ್ತು. ಪಾರವ್ವ ಬಡಿದ ರೊಟ್ಟಿ ಅಂದು ಎಂದಿಗಿಂತ ತೆಳ್ಳಗಾದವು, ಕೈಗೆ ಅಷ್ಟು ಸಿಟ್ಟು ಇಳಿದಿತ್ತು. ಹನ್ನೊಂದಾಯಿತು. ಈಗ ನರ್ಮದಾ ಮಾತಾಡುತ್ತಿರಬೇಕು. ಅವಳ ನಗು ಬೇರೆ. ಇನ್ನೂರೇನು, ಮುನ್ನೂರು ಕೊಡುತ್ತೇನೆ ಎನ್ನುತ್ತಿರಬೇಕು. ಹನ್ನೊಂದೂ ಇಪ್ಪತ್ತಕ್ಕೆ ಫೋನು ಕೂಗಿತು.

"ಅಮ್ಮಾ, ಮಧ್ವೇಶ. ಅಬ್ಬಾ, ಈ ನಂಬರು ಒಂದೇ ರಿಂಗಿಗೆ ಸಿಕ್ತಲ್ಲ!"

ಪಾರವ್ವ ಹಿಟ್ಟಿನ ಕೈಯಲ್ಲೇ ಫೋನು ಒತ್ತಿ ಹಿಡಿದಳು. "ಹೇಳ್ರಿ, ಹೇಳ್ರಿ."

"ಇನ್ನೂರು ರೊಟ್ಟಿ ಫಿಕ್ಸ್. ಹಾಗೇ ನಿಮ್ಮ ಅಂಗಡಿಯವರು ಹೇಳಿದ್ರು, ಚಪಾತಿ ಅವರ ಮನೆಯವರು ಮಾಡ್ತಾರಂತೆ. ನೂರು ಚಪಾತಿ ಅವರಿಗೆ ಹೇಳಿದೀನಿ. ಎರಡಕ್ಕೂ ಸೇರಿಸಿ ಒಂದೇ ಟೆಂಪೋ ಕಳಿಸ್ತೀನಿ. ನಿಮಗೇನೂ ತೊಂದರೆ ಇಲ್ಲವಲ್ಲಾ?"

ಹಂಚಿನ ಮೇಲೆ ರೊಟ್ಟಿ ಉಬ್ಬಿ ಹೊಗೆಯಾಡತೊಡಗಿತು. "ಇಲ್ರಿ, ಏನ್ ತೊಂದ್ರಿ," ಎಂದಳು ಪಾರವ್ವ.

ತೊಂಬತ್ತೂ ಕೊಟ್ಟು ಮುಗಿಸಿ, ಸೀರೆ ಬದಲಿಸದೆಯೇ ಅಂಗಡಿಗೆ ಬಂದಳು. ಮಧುಕರ ಹಳೆಯ ಸಿಮ್ ಇದ್ದ ಹ್ಯಾಂಡ್‌ಸೆಟ್ ತೋರಿಸಿ, "ಬಂದಿತ್ತಲ್ಲಾ ಕಾಕೂ?" ಎಂದು ನಕ್ಕ. ಪಾರವ್ವ ಅದನ್ನು ಕೈಗೆ ತೆಗೆದುಕೊಂಡು ನೋಡಿದಳು. ಕರೆಯ ಹೊತ್ತು ನೋಡುವುದನ್ನು ಶಿವಾನಿ ಒಮ್ಮೆ ಕಲಿಸಿದ್ದಳು. ಮಾತಾಡಿದ್ದು ನಾಲ್ಕು ನಿಮಿಷ ಹನ್ನೆರಡು ಸೆಕೆಂಡ್.

"ಹತ್ತು ಅಂಕಿ ಹೇಳಾಕ ನಾಕು ನಿಮಿಷ ಹಿಡೀತೇನ್ರಿ ಭಾವು?"

ಮಧುಕರನ ನಗು ಸ್ವಲ್ಪ ಕೆಳಗಿಳಿಯಿತು. "ಚಪಾತಿ ಸಿಗತಾವೇನು ಅಂತ ಅವರ ಕೇಳಿದ್ರು ಕಾಕೂ. ನೀವು ಚಪಾತಿ ಮಾಡೂದಿಲ್ಲ. ರೊಟ್ಟಿ ಸುದ್ದಿ ನಾ ಎತ್ತಿಲ್ಲ. ದೇವರಾಣೆ."

ಬಾಗಿಲಲ್ಲಿ ನರ್ಮದಾ ಬಂದು ನಿಂತಿದ್ದಳು, ಕೈಗೆ ಹಿಟ್ಟು ಮೆತ್ತಿಕೊಂಡು. ಪಾರವ್ವನ ಕೈಗೂ ಹಿಟ್ಟೇ ಇತ್ತು.

"ಆತು," ಎಂದಳು ಪಾರವ್ವ ಕಡೆಗೆ. "ಆದ್ರ ಟೆಂಪೋ ಮೊದಲು ನಮ್ಮ ಮನಿಗೆ ಬರಬೇಕು. ರೊಟ್ಟಿ ಎಣಿಸಿ, ಬುಟ್ಟಿ ಬಾಯಿಗೆ ಬಟ್ಟಿ ಕಟ್ಟಿ ಹೊಲದು ಹಾಕತೇನಿ. ಆಮ್ಯಾಲ ನಿಮ್ಮಲ್ಲಿ ಬರಲಿ. ಬುಟ್ಟಿ ಯಾರೂ ಬಿಚ್ಚಬಾರದು."

"ಚಾಲೇಲ್ ಕಾಕೂ, ಹಂಗ ಮಾಡೂನು," ಎಂದಳು ನರ್ಮದಾ, ತಡ ಮಾಡದೆ.

ಪಾರವ್ವ ಸಿಮ್ ತೆಗೆಸಿಕೊಂಡು ಪರ್ಸಿಗೆ ಹಾಕಿ ಹೊರಟಳು. ಮನೆಯ ತಿರುವಿಗೆ ಬರುವಷ್ಟರಲ್ಲಿ ಕಾಲು ನಿಧಾನವಾಯಿತು. ಒಂದು ಎದುರು ಮಾತೂ ಆಡದೆ, ಅಷ್ಟು ಲಗೂನೆ ಒಪ್ಪಿಕೊಂಡಳಲ್ಲ ಆ ನರ್ಮದಾ, ಯಾಕಿರಬಹುದು?