ಮಾವನ ಮೂಗು

ಕರಿಮೆಣಸು, ಹೌದು ಮೆಣಸೇ, ಆಮೇಲೆ ಒಣಗಿದ ಕಿತ್ತಳೆ ಸಿಪ್ಪೆ, ಇನ್ನೂ ಒಳಗೆ ಹೋದರೆ ಹಳೆಯ ಮರದ ಪೆಟ್ಟಿಗೆ ತೆರೆದಾಗ ಬರುವ ವಾಸನೆ, ಇಲ್ಲ, ಅವಸರಪಡಬಾರದು, ಒಂದು ಹನಿ ನೀರು ಹಾಕಿ ಕಾಯಬೇಕು, ಹನ್ನೆರಡು ವರ್ಷ ಪೀಪಾಯಿಯಲ್ಲಿ ಸುಮ್ಮನಿದ್ದ ರೈ ವಿಸ್ಕಿ ಇನ್ನೊಂದು ನಿಮಿಷಕ್ಕೇನು ಸಾಯುವುದಿಲ್ಲ ಅಂತ ಮಾವನೇ ಕಲಿಸಿದ್ದು — ಈಗ ಜೇನು ಬಂತು, ನಾಲಿಗೆಯ ಬದಿಗಳಲ್ಲಿ, ನಿಧಾನವಾಗಿ, ಎಡಗಡೆಯ ಲೋಟ ಇದು, ಇದೇ ಒಳ್ಳೆಯದು, ಬಲಗಡೆಯದಕ್ಕೆ ಬೂಷ್ಟು ಹಿಡಿದಿದೆ, ಒದ್ದೆ ಗೋಣಿಚೀಲದ ನಾತ, ಪೀಪಾಯಿ ಕೆಟ್ಟಿರಬೇಕು, ನನಗೆ ಖಾತ್ರಿಯೇ, ಇನ್ನೊಮ್ಮೆ ಮೂಸಿದೆ, ಖಾತ್ರಿ. ಎದುರಿಗೆ ಯಜಮಾನಿ, ಪಕ್ಕದಲ್ಲಿ ಮಾವ, ಹೆಂಡತಿಯ ಅಪ್ಪ, ಈ ಡಿಸ್ಟಿಲರಿಯ ಮುಖ್ಯ ರುಚಿಗಾರ, ಕೆಲಸಗಾರರ ಬಾಯಲ್ಲಿ ಮೂಗಪ್ಪ, ನೀಲಿ ಗಾಜಿನ ಲೋಟವನ್ನು ಮಗುವಿನ ನೆತ್ತಿ ಮೂಸಿದ ಹಾಗೆ ಮೂಸುತ್ತಿದ್ದಾರೆ, ಮೂಸಿ ಏನು ಬಂತು, ಜ್ವರ ಬಂದು ಹೋದಾಗಿನಿಂದ ಅವರಿಗೆ ವಾಸನೆಯೇ ಇಲ್ಲ, ಹಾಲು ಸೀದು ಪಾತ್ರೆ ಕರಕಲಾದ್ರೂ ಅಪ್ಪ ಅಲ್ಲೇ ಕೂತು ಪೇಪರ್ ಓದ್ತಿದ್ರು ಕಣ್ರೀ, ಯಾರಿಗೂ ಹೇಳ್ಬೇಡಿ, ಅಂದಳು ಹೆಂಡತಿ, ಹೇಳಲಿಲ್ಲ, ಹಿರಿಯರೇ ಮೊದಲು ಬಾಯಿ ಬಿಡಬೇಕೆನ್ನುವುದು ಇಲ್ಲಿನ ಪದ್ಧತಿ, ನಾನು ಅವರು ಹೇಳಿದ್ದನ್ನು ಬರೆದುಕೊಳ್ಳುವವನು, ಹಾಗಾಗಿ ಮೂರು ತಿಂಗಳಿಂದ ಒಳ್ಳೆಯ ಲೋಟ ಅವರ ಕೈಗೆ ಬಂದಾಗ ಮೇಜಿನ ಕೆಳಗೆ ನನ್ನ ಬೂಟು ಅವರ ಬೂಟನ್ನು ಒಮ್ಮೆ ಒತ್ತುತ್ತದೆ, ಅವರ ಕುರ್ಚಿ ಉಳಿದದ್ದೇ ಹಾಗೆ, ಅದಕ್ಕೆ ನಿನ್ನೆ ಊಟದ ಹೊತ್ತಿನಲ್ಲಿ ಎಲ್ಲರೆದುರು ಮಾವನಿಂದ ಸಿಕ್ಕಿದ್ದು ಇದು, ನಮ್ಮ ಅಳಿಯಂದಿರದ್ದು ಸಂಜೆ ಕ್ಲಾಸಿನಲ್ಲಿ ಕಲಿತ ಮೂಗು, ನೆಗಡಿಯಾದಾಗ ಸುರಿಯೋಕೆ ಮಾತ್ರ ಲಾಯಕ್ಕು, ಎಲ್ಲರೂ ನಕ್ಕರು, ನಾನೂ ನಕ್ಕೆ, ನಾನು ಯಾಕೆ ನಕ್ಕೆ — ಮಾವ ತಮ್ಮ ಮುಂದಿನ ಬಲಗಡೆಯದನ್ನು, ಬೂಷ್ಟಿನದನ್ನು, ಎತ್ತಿದರು, ಬೂಟು ಒತ್ತಿತು, ನಾನಲ್ಲ, ಬೂಟು, ಅಲ್ಲ, ನಾನೇ.

ಅವರ ಮುಖ ಅರಳಿತು, ನೋಡಿ ಮೇಡಂ, ಮೆಣಸು, ಜೇನು, ಇಂಥದ್ದು ನನ್ನ ಮೂಗಿಗೇ ಅಪರೂಪ, ಕಣ್ಣು ಮುಚ್ಚಿ ಬಾಟಲಿಗೆ ತುಂಬಿಸಿ. ಯಜಮಾನಿ ಆ ಲೋಟ ತೆಗೆದುಕೊಂಡು ಮೂಸಿ ಮುಖ ಸಿಂಡರಿಸಿದರು, ಇದ್ರಲ್ಲಿ ಜೇನಾ, ನನ್ನ ಕಡೆ ತಿರುಗಿ, ನೀವು ಹೇಳಿ. ಲೋಟ ಅದಲುಬದಲಾಗಿದೆ ಅನ್ನಬಹುದು, ತಪ್ಪು ನನ್ನದೇ ಅನ್ನಬಹುದು, ಈಗಲೂ ಉಳಿಸಬಹುದು, ಬೂಷ್ಟು ಮೇಡಂ ಅಂದೆ, ಎಷ್ಟು ಸಲೀಸಾಗಿ ಬಂತು, ಮೂಗಿದ್ದೋರಿಗೆ ಗೊತ್ತಾಗುತ್ತೆ, ಅದನ್ನೂ ಸೇರಿಸಿದೆ, ಸೇರಿಸಬೇಕಾಗಿರಲಿಲ್ಲ, ಬಾಯಲ್ಲಿ ಒಳ್ಳೆಯ ರೈ ಇನ್ನೂ ಬೆಚ್ಚಗಿದೆ, ನುಂಗಿದ ಮೇಲೂ ಇಷ್ಟು ಹೊತ್ತು ಉಳಿಯುವುದೇ ಅದರ ಹಿರಿಮೆ, ಮಾವ ನನ್ನತ್ತ ನೋಡಲಿಲ್ಲ, ಎಡಗಡೆಯ ಲೋಟ ಎತ್ತಿ ಮೂಗಿಗೆ ಹಿಡಿದರು, ಹಿಡಿದೇ ಇದ್ದಾರೆ, ಮೇಜಿನ ಕೆಳಗೆ ಅವರ ಬೂಟು ಮೆಲ್ಲಗೆ ಬಂತು, ನನ್ನದನ್ನು ಹುಡುಕುತ್ತಾ, ಎರಡೂ ಕಾಲನ್ನು ಕುರ್ಚಿಯಡಿಗೆ ಎಳೆದುಕೊಂಡೆ, ಅದು ನೆಲ ತಡಕುತ್ತಿದೆ, ಈ ಕಡೆ, ಆ ಕಡೆ, ಮತ್ತೆ ಈ ಕಡೆ